ಮಂದಣ್ಣ ಪಾರ್ಕಿನೊಳಗೆ ಇದ್ದಿದ್ದರೆ?

ಕಳೆದ ವರ್ಷ ಒಂದು ವಿಚಾರ ಸಂಕಿರಣದಲ್ಲಿ ತೇಜಸ್ವಿಯವರ ‘ಕರ್ವಾಲೊ’ ಕುರಿತು ಪ್ರಬಂಧ ಓದಿದೆ. ಪರಿಸರ ಪ್ರಜ್ಞೆ ನನ್ನ ವಿಷಯ. ಹಾರುವ ಓತಿ, ಜೀವವಿಕಾಸ, ಪಶ್ಚಿಮ ಘಟ್ಟದ ಮಳೆಕಾಡು ಎಲ್ಲವೂ ಬಂದವು. ಕೊನೆಯಲ್ಲಿ ಒಬ್ಬ ವಿದ್ಯಾರ್ಥಿ ಎದ್ದು, ತನ್ನ ಮನೆ ಕುದುರೆಮುಖದ ಕಾಡಿನೊಳಗಿದೆ, ತಾನು ಮಲೆಕುಡಿಯರವನು ಎಂದು ಹೇಳಿ ಕೇಳಿದ: “ಮೇಡಂ, ಮಂದಣ್ಣ ನ್ಯಾಷನಲ್ ಪಾರ್ಕಿನೊಳಗೆ ಇದ್ದಿದ್ದರೆ?” ನನ್ನ ಪ್ರಬಂಧದಲ್ಲಿ ಮಂದಣ್ಣ ಬಂದದ್ದು ಒಂದೇ ವಾಕ್ಯದಲ್ಲಿ, ಹಾಸ್ಯಪಾತ್ರವಾಗಿ.

ಊರಿಗೆ ಬಂದು 1980ರ ಆ ಕಾದಂಬರಿಯನ್ನು ಮತ್ತೆ ಓದಿದೆ. ಓತಿಯ ಮಹತ್ವ ಗೊತ್ತಿರುವುದು ವಿಜ್ಞಾನಿ ಕರ್ವಾಲೊಗೆ. ಅದನ್ನು ಕಂಡವನು ಜೇನು ಸಾಕುವ ಮಂದಣ್ಣ. ಇವನಿಲ್ಲದೆ ಅವರ ಹುಡುಕಾಟ ಶುರುವಾಗುವುದೇ ಇಲ್ಲ. ಮಂದಣ್ಣ ಕೇಸಿನಲ್ಲಿ ಸಿಕ್ಕಿಬಿದ್ದಾಗ ಕರ್ವಾಲೊ ಅವನ ಬೆನ್ನಿಗೆ ನಿಲ್ಲುವುದೂ ಇದೇ ಕಾರಣಕ್ಕೆ. ನಾವು ಅಲ್ಲಿ ನಕ್ಕು ಮುಂದೆ ಹೋಗುತ್ತೇವೆ.

ಅದೇ ಚಿಕ್ಕಮಗಳೂರು ಸೀಮೆಯ ಕುದುರೆಮುಖ 1987ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಸುಮಾರು 600 ಚದರ ಕಿಲೋಮೀಟರ್ ಶೋಲಾ, ಹುಲ್ಲುಗಾವಲು, ಸಿಂಗಳೀಕಗಳ ನೆಲೆ, ತುಂಗೆ, ಭದ್ರೆ, ನೇತ್ರಾವತಿಯರ ಮೂಲ. ಸುಪ್ರೀಂ ಕೋರ್ಟಿನ ಆದೇಶದಿಂದ 2005ರ ಕೊನೆಗೆ ಅಲ್ಲಿ ಅದಿರು ಗಣಿ ನಿಂತಿತು. ಅದು ಸಣ್ಣ ಗೆಲುವಲ್ಲ. ಆದರೆ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಂಥ ಕಾಡಿನಲ್ಲಿ ಅನುಮತಿಯಿಲ್ಲದೆ ಜೇನು ಕಿತ್ತರೂ ಅಪರಾಧ. 2006ರ ಅರಣ್ಯ ಹಕ್ಕು ಕಾಯ್ದೆ ಬಂದ ಮೇಲೂ ಕಾಡಿನವರು ತಮ್ಮ ಹಕ್ಕಿಗೆ ಅರ್ಜಿ ಹಾಕಿ ಕಾಯಬೇಕು.

ನನ್ನ ವಿಮರ್ಶೆಯೂ ಹೀಗೇ ಗಡಿ ಹಾಕಿತ್ತು: ಓತಿ ಒಳಗೆ, ಮಂದಣ್ಣ ಹೊರಗೆ. ಹಾಗೆಂದು ಅವನನ್ನು ಮಲೆಕುಡಿಯರ ಪ್ರತಿನಿಧಿ ಮಾಡಿದರೂ ತಪ್ಪೇ. ಅವನು ಮೂಡಿಗೆರೆ ಕಡೆಯವನು. ಅವನ ಮಾತೂ ನಮಗೆ ಸಿಗುವುದು ನಿರೂಪಕನ ಬಾಯಿಂದ. ಕಾದಂಬರಿಯ ಮಿತಿ ಇದು. ಅಲ್ಲಿ ಕಾಡಿನ ಬಗ್ಗೆ ಮಂದಣ್ಣನಿಗೆ ಗೊತ್ತಿರುವುದಕ್ಕೆ ಬೆಲೆಯಿದೆ, ಆದರೆ ಕಾಡಿನ ಮೇಲೆ ಅವನಿಗೇನು ಹಕ್ಕು ಎಂಬ ಪ್ರಶ್ನೆ ಏಳುವುದಿಲ್ಲ.

ಕೊನೆಗೆ ಓತಿ ಕೈಗೆ ಸಿಗದೆ ಕಣಿವೆಯೊಳಗೆ ತೇಲಿಹೋಗುತ್ತದೆ. ನಾನು ಇದನ್ನು ಪ್ರಕೃತಿಯ ನಿಗೂಢತೆ ಎಂದು ಬರೆದಿದ್ದೆ. ಈಗ ಕಾಣುವುದು ಬೇರೆ: ಆ ಅಂಚಿನಲ್ಲಿ ವಿಜ್ಞಾನಿ, ಮಂದಣ್ಣ ಇಬ್ಬರೂ ಬರಿಗೈಯಲ್ಲಿ ಒಟ್ಟಿಗೆ ನಿಂತಿದ್ದಾರೆ. ನನ್ನ ಮಹಾಪ್ರಬಂಧದ ಆ ಅಧ್ಯಾಯವನ್ನು ಮತ್ತೆ ಬರೆಯುತ್ತಿದ್ದೇನೆ. ಅದು ಶುರುವಾಗುವುದು ಆ ಹುಡುಗನ ಪ್ರಶ್ನೆಯಿಂದ.