ಭೂರ್ಜವಾಸದ ಬಿಡಾರ

ಡೇರೆಯ ಬದುಕಿನ ರುಚಿ ಹತ್ತಿದವರು ಒಬ್ಬರನ್ನೊಬ್ಬರು ಸಂಧಿಸಿದಾಗ ಮೊದಲು ಕೇಳುವ ಪ್ರಶ್ನೆ, ನೀರಿಗೆ ಎಷ್ಟು ದೂರದಲ್ಲಿ ಬಿಡಾರ ಹೂಡಿದಿರಿ ಎಂಬುದು. ಹೊರಗಿನವರಿಗೆ ಇದು ಕ್ಷುಲ್ಲಕವಾಗಿ ತೋರಬಹುದು. ಆದರೆ ಗಂಗೋತ್ರಿಯಿಂದ ಸುಮಾರು 14 ಕಿಲೋಮೀಟರುಗಳ ಕಾಲುದಾರಿಯನ್ನು ಸವೆಸಿ, ಭಾಗೀರಥಿಯ ತೀರದ ಭೋಜಬಾಸಾ ಎಂಬ ಬಯಲಿನಲ್ಲಿ ಒಂದಿರುಳನ್ನು ಕಳೆದವನಿಗೆ ಆ ಪ್ರಶ್ನೆಯ ಗಾಂಭೀರ್ಯವು ತಾನಾಗಿಯೇ ವೇದ್ಯವಾಗುತ್ತದೆ.

ಆ ಬಯಲು ಸಮುದ್ರಮಟ್ಟದಿಂದ ಸುಮಾರು 3,800 ಮೀಟರು ಎತ್ತರದಲ್ಲಿದೆ. ಎಂದರೆ ನಮ್ಮ ಮುಳ್ಳಯ್ಯನಗಿರಿಯ ನೆತ್ತಿಯ ಮೇಲೆ ಇನ್ನೊಂದು ಮುಳ್ಳಯ್ಯನಗಿರಿಯನ್ನು ನಿಲ್ಲಿಸಿದರೆ ಹೆಚ್ಚುಕಡಿಮೆ ಸರಿಹೋಗುವ ಔನ್ನತ್ಯ. ಒಂದು ಆಶ್ರಮ, ಸರ್ಕಾರದ ಒಂದು ತಂಗುದಾಣ, ಗಾಳಿಗೆ ಪಟಪಟನೆ ಬಡಿದುಕೊಳ್ಳುವ ಕೆಲವು ಡೇರೆಗಳು, ಇವಿಷ್ಟೇ ಅಲ್ಲಿನ ವೈಭವ. ಅರಣ್ಯ ಇಲಾಖೆಯು ದಿನವೊಂದಕ್ಕೆ 150 ಮಂದಿಗೆ ಮಾತ್ರ ಈ ದಾರಿಯಲ್ಲಿ ಪ್ರವೇಶ ಕೊಡುವುದರಿಂದ ಜನಸಂದಣಿಯ ಉಪದ್ರವ ಕಡಿಮೆ.

ಮೊದಲ ಸಲ ಹೋದಾಗ ನಾನು ಮಾಡಿದ ಪ್ರಮಾದವನ್ನು ಇಲ್ಲಿ ಒಪ್ಪಿಕೊಳ್ಳತಕ್ಕದ್ದು. ಬೆಳಿಗ್ಗೆಯೇ ತಲಪಿದ ಉತ್ಸಾಹದಲ್ಲಿ, ನದಿ ಸಣ್ಣಗೆ ಹರಿಯುತ್ತಿದ್ದುದನ್ನು ನೋಡಿ, ನೀರಿಗೆ ಇಪ್ಪತ್ತು ಹೆಜ್ಜೆಗಳಷ್ಟು ಸಮೀಪದಲ್ಲಿ ಗೂಟಗಳನ್ನು ಹೊಡೆದೆ. ಸಂಜೆಯ ಹೊತ್ತಿಗೆ ನದಿಯ ದನಿ ಬದಲಾಯಿತು; ಮುಖ ತೊಳೆಯಲು ನಾನು ಕುಳಿತಿದ್ದ ಬಂಡೆ ಕಾಣೆಯಾಯಿತು; ಹತ್ತು ಹೆಜ್ಜೆಗೊಮ್ಮೆ ಏದುಸಿರು ಬಿಡುತ್ತ, ಮಸುಕುಗತ್ತಲಿನಲ್ಲಿ ಬಿಡಾರವನ್ನು ಮೇಲಕ್ಕೆ ಸಾಗಿಸಬೇಕಾಯಿತು. ಮಳೆಯ ಹನಿಯೂ ಬಿದ್ದಿರಲಿಲ್ಲ. ನಾಲ್ಕೈದು ಕಿಲೋಮೀಟರು ಮೇಲಿರುವ ಗೋಮುಖದ ಹಿಮನದಿಯು ಹಗಲಿನ ಬಿಸಿಲಿಗೆ ಕರಗಿ, ಆ ನೀರು ಅಪರಾಹ್ನದಿಂದ ಸಾಯಂಕಾಲದವರೆಗೆ ಏರುತ್ತ, ಇರುಳಿನ ಶೈತ್ಯಕ್ಕೆ ಮತ್ತೆ ಇಳಿದು, ಉಷಃಕಾಲದಲ್ಲಿ ಅತ್ಯಂತ ಕೃಶವಾಗುತ್ತದೆ. ಅಂದಿನಿಂದ ಆ ತೀರದಲ್ಲಿ ನಾನು ಗಡಿಯಾರವನ್ನು ನೋಡುವುದನ್ನೇ ಬಿಟ್ಟೆ. ಕಣ್ಣು ಮುಚ್ಚಿ ಮಲಗಿದ್ದರೂ ನದಿಯ ಶ್ರುತಿಯಿಂದ ಹೊತ್ತನ್ನು ಅಂದಾಜು ಮಾಡಬಹುದು.

ನೀರು ತರುವುದಕ್ಕೂ ಅದೇ ಗಡಿಯಾರ. ಹಿಮನದಿಯು ಬಂಡೆಗಳನ್ನು ಅರೆದು ಮಾಡಿದ ಹಿಟ್ಟಿನಂಥ ಧೂಳು ಪ್ರವಾಹದಲ್ಲಿ ಕಲೆತಿರುವುದರಿಂದ ಸಂಜೆಯ ನೀರು ಬೂದಿ ಕಲಸಿದಂತಿರುತ್ತದೆ. ಆದಕಾರಣ ಬಲ್ಲವರು ನಸುಕಿನಲ್ಲಿಯೇ ಕೊಡ ತುಂಬಿ, ತಿಳಿಯಾಗಲೆಂದು ಇಟ್ಟು, ಆಮೇಲೆ ಕಾಯಿಸುತ್ತಾರೆ. ಅಲ್ಲಿ ನೀರು 87 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿಯೇ ಕುದಿಯುವುದರಿಂದ, ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಬೇಯುವುದೆಂಬ ಭ್ರಾಂತಿಯನ್ನು ತೊರೆಯುವುದು ಲೇಸು. ಚಿಕ್ಕದೊಂದು ಪ್ರೆಶರ್ ಕುಕ್ಕರನ್ನು ಹೊತ್ತೊಯ್ದವನೇ ಸಾರಿನ ಊಟಕ್ಕೆ ಅಧಿಕಾರಿ. ಉಳಿದವರಿಗೆ ಅವಲಕ್ಕಿಯೇ ಗತಿ.

ಹಗಲು ಕಣಿವೆಯ ಕೆಳಗಿನಿಂದ ಬೀಸುವ ಗಾಳಿ ಇರುಳು ಹಿಮದ ಕಡೆಯಿಂದ ಇಳಿದುಬರುತ್ತದೆ. ಡೇರೆಯ ಬೆನ್ನು ಗೋಮುಖದತ್ತ ಇರಲಿ. ಆದರೆ ಸೂರ್ಯಾಸ್ತದ ಹೊತ್ತಿಗೆ ಹೊರಗೆ ಬಂದು ಆ ದಿಕ್ಕಿಗೇ ಮುಖಮಾಡಿ ನಿಲ್ಲಬೇಕು. ಕಣಿವೆಯೆಲ್ಲ ಕಪ್ಪಾದ ತರುವಾಯವೂ 6,856 ಮೀಟರು ಎತ್ತರದ ಭಾಗೀರಥಿ ಶಿಖರವು ತನ್ನ ಸೋದರಶಿಖರಗಳೊಡನೆ ಕೆಲವು ನಿಮಿಷ ಹೊನ್ನಾಗಿ, ಕೆಂಡವಾಗಿ, ಕೊನೆಗೆ ಬೂದಿಯಾಗಿ ಆರುವುದನ್ನು ನೋಡುವಾಗ, ಕೈಬೆರಳುಗಳು ಮರಗಟ್ಟಿದ್ದು ಅರಿವಿಗೆ ಬರುವುದಿಲ್ಲ.

ಅರಿವಿಗೆ ಬಂದ ಕ್ಷಣದಲ್ಲಿಯೇ ಬೆಂಕಿಯ ಆಸೆ ಹುಟ್ಟುತ್ತದೆ. ಭೋಜಬಾಸಾ ಎಂದರೆ ಭೂರ್ಜವೃಕ್ಷಗಳ ವಾಸಸ್ಥಾನ. ಪೂರ್ವಿಕರು ಗ್ರಂಥಗಳನ್ನು ಬರೆದದ್ದು ಆ ಮರದ ತೊಗಟೆಯ ಮೇಲೆ. ಕಾಳಿದಾಸನು ಕುಮಾರಸಂಭವದ ಮೊದಲ ಸರ್ಗದಲ್ಲಿ ವಿದ್ಯಾಧರಸುಂದರಿಯರ ಪ್ರೇಮಪತ್ರಗಳಿಗೆ ಒದಗಿಸಿದ್ದೂ ಅದನ್ನೇ. ಅಂಥ ಮರಗಳನ್ನು ಯಾತ್ರಿಕರ ಒಲೆಗಳು ನುಂಗಿದುವು. ಹೆಸರು ಉಳಿದು ವನ ಅಳಿಯಿತು. ಪರ್ವತಾರೋಹಿಣಿ ಹರ್ಷವಂತಿ ಬಿಷ್ಟ್ ಅವರು ಅಲ್ಲಿ ಭೂರ್ಜದ ಸಸಿಗಳನ್ನು ನೆಟ್ಟು, ಬೇಲಿ ಕಟ್ಟಿ, ವರ್ಷವರ್ಷವೂ ಕಾಪಾಡಿದ್ದು, ಒಂದು ರಾತ್ರಿಯ ಶಾಖಕ್ಕೆ ನಾವು ತೆತ್ತ ಬೆಲೆ ಏನೆಂಬುದನ್ನು ತೋರಿಸುತ್ತದೆ. ಸೌದೆಯ ಸುತ್ತ ಕುಳಿತು ಹಾಡದಿದ್ದರೆ ಬಿಡಾರದ ಸುಖವೇ ಇಲ್ಲವೆಂದು ವಾದಿಸುವ ಮಿತ್ರರು ನನಗುಂಟು. ಆ ಸುಖಕ್ಕೆ ಬೇರೆ ಕಾಡುಗಳಿವೆ, ಬೇರೆ ಎತ್ತರಗಳಿವೆ. ಇಷ್ಟು ಮೇಲೆ ಒಂದು ಮರವು ಆಳೆತ್ತರಕ್ಕೆ ಬರುವುದೇ ಬಹುವರ್ಷಗಳ ತಪಸ್ಸು.

ಮುಂದಿನ ಬೇಸಗೆಯಲ್ಲಿ ಅತ್ತ ಹೊರಡುವ ಓದುಗರಲ್ಲಿ ನನ್ನ ಬಿನ್ನಹ ಇಷ್ಟೆ: ಇನ್ನೊಂದು ಕಂಬಳಿಯನ್ನು ಹೆಚ್ಚಾಗಿ ಒಯ್ಯಿರಿ, ಅಡಿಗೆಗೆ ಗ್ಯಾಸಿನ ಒಲೆ ಇರಲಿ, ಒಂದು ಕಡ್ಡಿಯನ್ನೂ ಮುರಿಯಬೇಡಿರಿ.