ಸೇತುವೆ ಬಂತು, ಹಕ್ಕುಪತ್ರ ಎಲ್ಲಿ?

2025ರ ಜುಲೈ 14ರಂದು ಸಾಗರ ತಾಲ್ಲೂಕಿನಲ್ಲಿ ಶರಾವತಿ ಹಿನ್ನೀರಿನ ಮೇಲೆ ಕಟ್ಟಿದ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. ಮಾರನೆಯ ದಿನ, ದೇವನಹಳ್ಳಿ ತಾಲ್ಲೂಕು ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳಲ್ಲಿ 1,777 ಎಕರೆ ಭೂಸ್ವಾಧೀನವನ್ನು ಕೈಬಿಡುವುದಾಗಿ ಮುಖ್ಯಮಂತ್ರಿ ಸಿದ್ದರಾಮಯ್ಯ ಪ್ರಕಟಿಸಿದರು. ಶರಾವತಿ ಹಿನ್ನೀರಿಗೂ ದೇವನಹಳ್ಳಿಯ ಬಯಲಿಗೂ ಯಾವ ಸಂಬಂಧ ಎಂದು ಕೇಳಬಹುದು. ಎರಡೂ ಕಡೆ ಇರುವುದು ಒಂದೇ ಪ್ರಶ್ನೆ: ನಾಡಿನ ಅಭಿವೃದ್ಧಿಗಾಗಿ ಒಂದು ಊರು ತನ್ನ ನೆಲ ಬಿಡಬೇಕಾದರೆ, ಆ ಊರನ್ನು ಕೇಳುವವರು ಯಾರು? ದೇವನಹಳ್ಳಿಯ ರೈತರು ಮೂರು ವರ್ಷಕ್ಕೂ ಮಿಕ್ಕಿ ಧರಣಿ ಕೂತು ಉತ್ತರ ಪಡೆದರು. ಹಿನ್ನೀರಿನ ಜನರನ್ನು 60 ವರ್ಷಗಳ ಹಿಂದೆ ಯಾರೂ ಕೇಳಲಿಲ್ಲ. ಈಗ ಅವರಿಗೆ ಸೇತುವೆ ಕೊಟ್ಟಿದ್ದೇವೆ. ಅದು ಒಳ್ಳೆಯ ಸೇತುವೆಯೇ. ಆದರೆ ದ್ವೀಪದ ಬದುಕಿಗೆ ಆಸರೆಯಾಗುವ ಅಭಿವೃದ್ಧಿ ಎಂದು ಅದನ್ನು ಒರೆಗೆ ಹಚ್ಚಿದರೆ ಅರ್ಧ ಕೆಲಸವೂ ಮುಗಿದಿಲ್ಲ ಎಂಬುದು ನನ್ನ ವಾದ.

ಈ ಸೇತುವೆ ಸಾಗರಕ್ಕೆ ಬೆಸೆದ ತುಮರಿ ಸೀಮೆ ಹುಟ್ಟಾ ದ್ವೀಪವಲ್ಲ. ಜೋಗದ ವಿದ್ಯುತ್ತಿಗಾಗಿ 1940ರ ದಶಕದಲ್ಲಿ ಮಡೆನೂರಿನ ಬಳಿ ಹಿರೇಭಾಸ್ಕರ ಅಣೆಕಟ್ಟು ಕಟ್ಟಿದರು. ಅದು ಸಾಲದೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂತು. ಅದರ ಗರಿಷ್ಠ ಮಟ್ಟ 1,819 ಅಡಿ, ನೀರು ಹರಡಿದ್ದು ಸುಮಾರು 300 ಚದರ ಕಿ.ಮೀ. ಆ ನೀರಿನಲ್ಲಿ ಹಳೆಯ ಅಣೆಕಟ್ಟೂ ಮುಳುಗಿತು. ಕಡು ಬೇಸಿಗೆಯಲ್ಲಿ ಮಾತ್ರ ಈಗ ಅದು ತಲೆ ಎತ್ತುತ್ತದೆ. ಭೂಪಟ ನೋಡಿದರೆ ತುಮರಿ ಪೂರ್ತಿ ದ್ವೀಪವೂ ಅಲ್ಲ. ಪಶ್ಚಿಮಕ್ಕೆ ಕೋಗಾರಿನ ಮೇಲೆ ಭಟ್ಕಳದ ಕಡೆ ಘಾಟಿ ರಸ್ತೆ ಇದೆ. ಆದರೆ ತಾಲ್ಲೂಕು ಕಚೇರಿ, ದೊಡ್ಡಾಸ್ಪತ್ರೆ, ಕಾಲೇಜು, ಅಡಿಕೆ ಮಂಡಿ ಎಲ್ಲ ಇರುವುದು ಸಾಗರದಲ್ಲಿ. ಅಲ್ಲಿಗೆ ಹೋಗುವ ದಾರಿಗೆ ನೀರು ಅಡ್ಡ ನಿಂತ ದಿನವೇ ಕರೂರು, ಬಾರಂಗಿ ಹೋಬಳಿಗಳ ಜನ ದ್ವೀಪವಾಸಿಗಳಾದರು. ಅವರ ಗದ್ದೆ ಮುಳುಗಿಸಿದ ನೀರಿನಿಂದ 1,035 ಮೆಗಾವಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರ ನಡೆಯಿತು, ಬೆಂಗಳೂರಿನ ಕಾರ್ಖಾನೆಗಳು ತಿರುಗಿದವು, ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗಗಳು ಸದ್ದು ಮಾಡಿದವು. ಹಿನ್ನೀರಿನ ಹಳ್ಳಿಗಳಿಗೆ ಕರೆಂಟು ಬಂದದ್ದು ಮಾತ್ರ ಬಹಳ ತಡವಾಗಿ.

ಸೇತುವೆ ಬರುವ ತನಕ ಈ ಜನರನ್ನು ದಡ ಮುಟ್ಟಿಸಿದ್ದು ಲಾಂಚ್. ಹೊಳೆಬಾಗಿಲಿನಲ್ಲಿ ಕಾರು, ಜೀಪು, ಬೈಕುಗಳು ಒಂದಕ್ಕೊಂದು ಒತ್ತಿಕೊಂಡು ನಿಲ್ಲುತ್ತಿದ್ದವು. ಸಂದಿಯಲ್ಲಿ ಶಾಲೆಯ ಮಕ್ಕಳು, ಸಂತೆಯ ಚೀಲ, ಸಿಗಂದೂರು ಚೌಡೇಶ್ವರಿಯ ಭಕ್ತರು. ಸಂಜೆಯ ಕಡೇ ಟ್ರಿಪ್ ತಪ್ಪಿತೆಂದರೆ ಮರುದಿನ ಬೆಳಗಿನ ತನಕ ಕಾಯಬೇಕು, ಇಲ್ಲವೇ ಕಾಡುದಾರಿಯಲ್ಲಿ ಸುತ್ತು ಹಾಕಬೇಕು. ರಾತ್ರಿ ಹೊತ್ತು ಹೆರಿಗೆ ನೋವು ಬಂದರೆ, ಹಾವು ಕಚ್ಚಿದರೆ ಈ ಲೆಕ್ಕ ಜೀವಕ್ಕೇ ಬರುತ್ತಿತ್ತು. ಇದಕ್ಕಿಂತ ಕಟುವಾದ ಸಂಗತಿ ಇನ್ನೊಂದಿದೆ. ಜಲಾಶಯದ ಮಟ್ಟ ತೀರಾ ಇಳಿದರೆ ಲಾಂಚ್ ದಡಕ್ಕೆ ಬರುವಂತಿರಲಿಲ್ಲ. 2023ರ ಜೂನ್‌ನಲ್ಲಿ ಮಳೆ ತಡವಾದಾಗ ವಾಹನ ಹತ್ತಿಸುವುದನ್ನೇ ನಿಲ್ಲಿಸಬೇಕಾಯಿತು. ಆ ಮಟ್ಟವನ್ನು ಇಳಿಸುವುದು ಬರಿಯ ಬಿಸಿಲಲ್ಲ, ವಿದ್ಯುತ್ ಉತ್ಪಾದನೆಯೂ ಹೌದು. ಎಂದರೆ ನಮ್ಮ ಬಯಲುಸೀಮೆಯ ಕಡೆ ಬೇಸಿಗೆಯಲ್ಲಿ ಫ್ಯಾನು, ಪಂಪ್‌ಸೆಟ್ಟು ಹೆಚ್ಚು ಓಡಿದಷ್ಟೂ ತುಮರಿಯ ದಾರಿ ಕಿರಿದಾಗುತ್ತಿತ್ತು. ಮುಳುಗಡೆ 1964ಕ್ಕೆ ಮುಗಿದ ಘಟನೆಯಲ್ಲ. ಅದರ ಬೆಲೆಯನ್ನು ಅಲ್ಲಿಯವರು ವರ್ಷ ವರ್ಷವೂ ತೆತ್ತಿದ್ದಾರೆ.

ಈ ಹಿನ್ನೆಲೆಯಲ್ಲಿ ಸೇತುವೆಯ ಮೇಲಿನ ಮೊದಲ ಆಕ್ಷೇಪ ನಿಲ್ಲುವುದಿಲ್ಲ. ಸುಮಾರು 2.4 ಕಿ.ಮೀ. ಉದ್ದ, ಸುಮಾರು 473 ಕೋಟಿ ರೂಪಾಯಿ. ಇಷ್ಟು ಕಡಿಮೆ ಜನಕ್ಕೆ ಇಷ್ಟು ದುಡ್ಡೇ ಎಂದು ತಲೆ ಲೆಕ್ಕ ಹಾಕುವವರಿದ್ದಾರೆ. ತಲೆ ಲೆಕ್ಕ ಹಾಕುವುದಾದರೆ ಆರು ದಶಕ ಆ ನೀರಿನಿಂದ ನಾಡು ಗಳಿಸಿದ್ದನ್ನೂ ಅದೇ ಕಾಗದದಲ್ಲಿ ಬರೆಯಬೇಕು. ಅಣೆಕಟ್ಟು ಕಟ್ಟಿದಾಗಲೇ ಯೋಜನೆಯ ಖರ್ಚಿನಲ್ಲಿ ಸೇರಬೇಕಿದ್ದ ಸೇತುವೆಯಿದು. ಅಡಿಗಲ್ಲು ಬಿದ್ದದ್ದು 2018ರಲ್ಲಿ. ಇದನ್ನು ಕೊಡುಗೆ ಎನ್ನುವುದಕ್ಕಿಂತ ಬಾಕಿ ಪಾವತಿ ಎನ್ನುವುದು ಸರಿ, ಅದೂ ಬಡ್ಡಿಯಿಲ್ಲದೆ. ಅಷ್ಟಾಗಿಯೂ ಉದ್ಘಾಟನೆಯ ದಿನ ಚರ್ಚೆಯಾದದ್ದು ಯಾರನ್ನು ಕರೆದರು, ಯಾರನ್ನು ಕರೆಯಲಿಲ್ಲ ಎಂಬ ಶಿಷ್ಟಾಚಾರದ ಜಗಳ.

ಎರಡನೆಯ ಆಕ್ಷೇಪಕ್ಕೆ ಇನ್ನಷ್ಟು ತೂಕವಿದೆ. ಸೇತುವೆ ಬಂದರೆ ಪ್ರವಾಸಿಗರು ನುಗ್ಗುತ್ತಾರೆ, ರೆಸಾರ್ಟು ಏಳುತ್ತದೆ, ಪ್ಲಾಸ್ಟಿಕ್ಕು ತುಂಬುತ್ತದೆ. ಅಭಯಾರಣ್ಯದ ಅಂಚಿನ ಈ ನೆಲ ಹಾಗೇ ಇದ್ದರೆ ಚೆನ್ನ ಎನ್ನುವ ಪರಿಸರಪ್ರಿಯರ ಆತಂಕ ಸುಳ್ಳಲ್ಲ. ಆದರೆ ಹಾಗೇ ಇರುವುದೆಂದರೆ ಏನೆಂದು ಕೃಷ್ಣೆಯ ನಡುಗಡ್ಡೆಗಳನ್ನು ನೋಡಿದರೆ ತಿಳಿಯುತ್ತದೆ. ನಾರಾಯಣಪುರ ಜಲಾಶಯದಿಂದ ನೀರು ಬಿಟ್ಟಾಗಲೆಲ್ಲ ಅಲ್ಲಿನ ಊರುಗಳ ಸಂಪರ್ಕ ಕಡಿದುಹೋಗುತ್ತಿತ್ತು. 2013ರ ಪ್ರವಾಹದಲ್ಲಿ ಸುರಪುರ ತಾಲ್ಲೂಕಿನ ನೀಲಕಂಠರಾಯನಗಡ್ಡಿಯ ತುಂಬು ಗರ್ಭಿಣಿಯೊಬ್ಬರು ಹೆರಿಗೆಗೆ ಆಸ್ಪತ್ರೆ ಸೇರಬೇಕೆಂದು ಒಣ ಸೋರೆಬುರುಡೆ ಕಟ್ಟಿಕೊಂಡು ತುಂಬಿದ ಹೊಳೆಯನ್ನೇ ಈಜಿ ದಾಟಿದರು. ಇಂಥ ಬದುಕನ್ನು ದೂರದಲ್ಲಿ ಕೂತು ಸುಂದರ ಎನ್ನುವ ಹಕ್ಕು ಯಾರಿಗೂ ಇಲ್ಲ. ಸೇತುವೆ ಬೇಡ ಎನ್ನುವುದು ಪರಿಹಾರವಲ್ಲ. ಸೇತುವೆಯ ಮೇಲೆ ಬರುವುದನ್ನು ನಿಭಾಯಿಸುವ ಅಧಿಕಾರ ಯಾರ ಕೈಯಲ್ಲಿದೆ ಎಂಬುದೇ ನಿಜವಾದ ಪ್ರಶ್ನೆ.

ಆ ಅಧಿಕಾರದ ಮೊದಲ ಮೆಟ್ಟಿಲು ನೆಲದ ಹಕ್ಕು. ಗೇಣಿದಾರರ ಪರವಾಗಿ 1951ರಲ್ಲಿ ಕಾಗೋಡು ಸತ್ಯಾಗ್ರಹ ನಡೆದದ್ದು ಇದೇ ಸಾಗರ ತಾಲ್ಲೂಕಿನಲ್ಲಿ. ಉಳುವವನೇ ಹೊಲದೊಡೆಯ ಎಂಬ ಕಾನೂನು ಗಟ್ಟಿಯಾಗಿ ಬಂದದ್ದು 1974ರಲ್ಲಿ. ನಡುವಿನ 1964ರಲ್ಲಿ ಗೇಣಿ ಗದ್ದೆಗಳು ನೀರಿನಡಿ ಸೇರಿದ್ದವು. ಹೋರಾಟ ನಡೆಸಿದ ತಾಲ್ಲೂಕಿನಲ್ಲೇ ಅನೇಕ ಉಳುಮೆದಾರರಿಗೆ ಪರಿಹಾರವೂ ದಕ್ಕಲಿಲ್ಲ, ಭೂ ಸುಧಾರಣೆಯೂ ದಕ್ಕಲಿಲ್ಲ. ಎತ್ತರದ ಗುಡ್ಡ ಹತ್ತಿ ಅವರು ಕಡಿದು ಮಾಡಿಕೊಂಡ ಜಮೀನು ಕಡತದಲ್ಲಿ ಅರಣ್ಯವಾಗಿಯೇ ಉಳಿಯಿತು. ಸರ್ಕಾರ ಅದನ್ನು ಅರಣ್ಯದ ಪಟ್ಟಿಯಿಂದ ಕೈಬಿಟ್ಟು ಡಿನೋಟಿಫೈ ಮಾಡಿತು. ಕೇಂದ್ರದ ಅನುಮತಿ ಇಲ್ಲದ ಕಾರಣಕ್ಕೆ 2021ರಲ್ಲಿ ಹೈಕೋರ್ಟ್ ಆ ಅಧಿಸೂಚನೆಗಳನ್ನು ರದ್ದುಪಡಿಸಿತು. ಅದರ ಮೊದಲಿನ ವರ್ಷವಷ್ಟೇ, 2020ರಲ್ಲಿ, ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಲು ಭೂ ಸುಧಾರಣಾ ಕಾಯ್ದೆಗೆ ತಿದ್ದುಪಡಿ ಬಂದಿತ್ತು. ಇವೆರಡನ್ನೂ ಸೇತುವೆಯ ಜೊತೆ ಇಟ್ಟು ನೋಡಿ: ಪಹಣಿ ಇಲ್ಲದವನಿಗೆ ಬ್ಯಾಂಕಿನ ಸಾಲವಿಲ್ಲ, ಹೋಂಸ್ಟೇ ಕಟ್ಟುವ ಧೈರ್ಯವಿಲ್ಲ, ಒಕ್ಕಲೆಬ್ಬಿಸುವ ಭಯ ತಪ್ಪಿಲ್ಲ, ಪಹಣಿ ಇರುವವನ ಬಾಗಿಲಿಗೆ ನಗರದ ದುಡ್ಡು ಬಂದು ನಿಲ್ಲುತ್ತದೆ. ಹೀಗಾದರೆ ಸೇತುವೆ ಊರಿನವರು ಹೊರಗೆ ಹೋಗುವ ದಾರಿಯಾಗುತ್ತದೆ. ವಿಮಾನ ನಿಲ್ದಾಣ ಬಂದ ಮೇಲೆ ದೇವನಹಳ್ಳಿಯ ಸುತ್ತ ಜಮೀನು ಕೈ ಬದಲಿಸಿದ ಬಗೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇದಕ್ಕೆ ವ್ಯತಿರಿಕ್ತವಾದ ದಾರಿಯೂ ಲೋಕದಲ್ಲಿದೆ. ಸ್ಕಾಟ್ಲೆಂಡಿನ ಐಗ್ ಎಂಬ ಪುಟ್ಟ ದ್ವೀಪವನ್ನು 1997ರಲ್ಲಿ ಅಲ್ಲಿನ ನಿವಾಸಿಗಳೂ ಪಾಲುದಾರರಾದ ಟ್ರಸ್ಟ್ ಜಮೀನ್ದಾರನಿಂದ ಕೊಂಡಿತು. 2008ರಲ್ಲಿ ಅವರು ನೀರು, ಗಾಳಿ, ಬಿಸಿಲಿನಿಂದ ತಮ್ಮದೇ ವಿದ್ಯುತ್ ಜಾಲ ಹಾಕಿಕೊಂಡರು. ಒಂದು ಮನೆ ಒಂದು ಹೊತ್ತಿಗೆ 5 ಕಿಲೋವಾಟ್‌ಗಿಂತ ಹೆಚ್ಚು ಎಳೆಯಬಾರದೆಂದು ತಾವೇ ಮಿತಿ ಹೇರಿಕೊಂಡರು. ಸುಸ್ಥಿರತೆ ಮೇಲಿನಿಂದ ಇಳಿದ ನಿಯಮವಾಗದೆ ಊರಿನ ತೀರ್ಮಾನವಾಯಿತು. ಇದು ಶ್ರೀಮಂತ ದೇಶದ ನೂರು ಚಿಲ್ಲರೆ ಜನರ ಕತೆ, ನಮಗೆ ಒಗ್ಗದು ಎನ್ನಬಹುದು. ದುಡ್ಡು ಒಗ್ಗದಿರಬಹುದು, ಕ್ರಮ ಒಗ್ಗುತ್ತದೆ: ಮೊದಲು ನೆಲ, ಆಮೇಲೆ ಯೋಜನೆ. ನಮ್ಮ ದೇಶದ ಗ್ರೇಟ್ ನಿಕೋಬಾರ್‌ನಲ್ಲಿ ನಡೆದದ್ದು ತಿರುವುಮುರುವು. ಬೃಹತ್ ಬಂದರು ಯೋಜನೆಗೆ ಕೊಟ್ಟಿದ್ದ ಒಪ್ಪಿಗೆಯನ್ನು ಅಲ್ಲಿನ ಬುಡಕಟ್ಟು ಮಂಡಳಿ 2022ರಲ್ಲಿ ಹಿಂಪಡೆದರೂ ಯೋಜನೆ ಮುಂದೆ ಸಾಗಿತು.

ಕೊನೆಗೆ ಬಯಲುಸೀಮೆಯ ಆಕ್ಷೇಪ. ಅರ್ಕಾವತಿ ಒಣಗಿ, ಕೊಳವೆಬಾವಿ ಪಾತಾಳ ಮುಟ್ಟಿ, ಎತ್ತಿನಹೊಳೆಯ ನೀರಿಗೆ ಕಾದಿರುವ ಬೆಂಗಳೂರು ಗ್ರಾಮಾಂತರದವರು ಮಲೆನಾಡಿನ ಹಕ್ಕಿನ ಬಗ್ಗೆ ಚಿಂತಿಸುತ್ತ ಕೂರಲಾದೀತೇ? ಆಗಬೇಕು, ಏಕೆಂದರೆ ಬೇಡಿಕೆ ಮತ್ತೆ ಅದೇ ನೀರಿನ ಕಡೆಗೇ ಹೊರಟಿದೆ. ಲಿಂಗನಮಕ್ಕಿಯ ನೀರನ್ನು ಬೆಂಗಳೂರಿಗೆ ತರುವ ಮಾತು 2019ರಲ್ಲಿ ಬಂದಾಗ ಜುಲೈ 10ರಂದು ಶಿವಮೊಗ್ಗ ಜಿಲ್ಲೆ ಬಂದ್ ಆಯಿತು. ತಳಕಳಲೆ–ಗೇರುಸೊಪ್ಪೆ ನಡುವಿನ 2,000 ಮೆಗಾವಾಟ್ ಪಂಪ್ಡ್ ಸ್ಟೋರೇಜ್ ಯೋಜನೆಗೂ ಕಣಿವೆಯಲ್ಲಿ ವಿರೋಧ ಎದ್ದಿದೆ. ನೀರು, ಕರೆಂಟು ಬೇಕೆನ್ನುವುದು ನ್ಯಾಯವೇ. ಅದನ್ನು ಕೊಡುವವರ ಹಳೆಯ ಬಾಕಿ ತೀರಿಸದೆ ಹೊಸ ಸಾಲ ಕೇಳುವುದು ನ್ಯಾಯವಲ್ಲ. ಮುಳುಗಡೆ ಸಂತ್ರಸ್ತರಿಗೆ ಹಕ್ಕುಪತ್ರ, ಸೇತುವೆ ದಾಟಿ ಬರುವ ವಾಹನದ ಶುಲ್ಕದಲ್ಲಿ ಗ್ರಾಮ ಪಂಚಾಯಿತಿಗೆ ಪಾಲು, ರೆಸಾರ್ಟಿಗಾಗಲಿ ಪೈಪಿಗಾಗಲಿ ಗ್ರಾಮಸಭೆಯ ಒಪ್ಪಿಗೆ: ಈ ಮೂರೂ ಆಗುವ ತನಕ ಶರಾವತಿಯ ಮೇಲಿನ ಯಾವ ಹೊಸ ಯೋಜನೆಯನ್ನೂ ಸುಸ್ಥಿರ ಎಂದು ಕರೆಯಲಾಗದು. ಮೊದಲು ಈ ಮಾತು ಆಡಬೇಕಾದವರು ಅದರ ಫಲ ಉಣ್ಣುವ ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲದ ಮತದಾರರು. ತಮ್ಮ ನೆಲಕ್ಕಾಗಿ ಸರ್ಕಾರವನ್ನು ಮಣಿಸಿದ ದೇವನಹಳ್ಳಿಯ ರೈತರು ಅದಕ್ಕೆ ದನಿ ಸೇರಿಸಿದರೆ ವಿಧಾನಸೌಧ ಕೇಳಿಸಿಕೊಳ್ಳದೆ ಇರಲಾರದು.