ಕುಲುಮೆಯೂ ಫ್ಲೂರೀನ್ ಲೆಕ್ಕವೂ

ನಾನ್‌ಸ್ಟಿಕ್ ಪಾತ್ರೆ, ಬೆಂಕಿ ನಂದಿಸುವ ನೊರೆ, ನೀರು ಅಂಟದ ಬಟ್ಟೆ ಮುಂತಾದವುಗಳ ತಯಾರಿಕೆಯಲ್ಲಿ ಬಳಕೆಯಾದ ಪಿಎಫ್‌ಎಎಸ್ ಎಂಬ ಫ್ಲೂರೀನ್‌ಯುಕ್ತ ರಾಸಾಯನಿಕಗಳು ನಿಸರ್ಗದಲ್ಲಿ ಬೇಗ ಶಿಥಿಲವಾಗುವುದಿಲ್ಲ. ‘ಅಧಿಕ ಶಾಖದಲ್ಲಿ ಇವು ಶೇಕಡ 99.99ರಷ್ಟು ನಾಶವಾಗುತ್ತವೆ’ ಎಂಬಂಥ ಮಾತು ವಿಜ್ಞಾನ ಬರಹಗಳಲ್ಲಿ ಆಗಾಗ ಕಾಣುತ್ತದೆ. ಇಲ್ಲಿ ‘ನಾಶ’ ಎಂದರೇನು ಎಂಬುದನ್ನು ಪರೀಕ್ಷಿಸದೆ ಈ ಮಾತನ್ನು ಒಪ್ಪಲಾಗದು.

ಕಾರ್ಬನ್–ಫ್ಲೂರೀನ್ ಬಂಧವನ್ನು ಮುರಿಯಲು ಸುಮಾರು 5 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು. ಬೋಲ್ಟ್ಸ್‌ಮನ್ ನಿಯತಾಂಕವನ್ನು ನಿರಪೇಕ್ಷ ತಾಪದಿಂದ ಗುಣಿಸಿದರೆ, 1000 ಡಿಗ್ರಿ ಸೆಲ್ಸಿಯಸ್‌ನಲ್ಲೂ ದೊರೆಯುವುದು ಸುಮಾರು 0.11 ಎಲೆಕ್ಟ್ರಾನ್ ವೋಲ್ಟ್ ಮಾತ್ರ. ಆದ್ದರಿಂದ ಅಣುವಿನಲ್ಲಿ ಇದಕ್ಕಿಂತ ದುರ್ಬಲವಾದ ಬಂಧಗಳು ಮೊದಲು ಮುರಿಯುತ್ತವೆ. ಮೂಲ ಅಣು ಇಲ್ಲವಾದರೂ ಫ್ಲೂರೀನ್ ಹೊತ್ತ ತುಣುಕುಗಳು ಉಳಿಯಬಹುದು. ಅಂಥ ಒಂದು ಉತ್ಪನ್ನವಾದ ಕಾರ್ಬನ್ ಟೆಟ್ರಾಫ್ಲೂರೈಡನ್ನು ಒಡೆಯಲು ಸುಮಾರು 1400 ಡಿಗ್ರಿ ತಾಪ ಬೇಕು. ಅದು ವಾತಾವರಣದಲ್ಲಿ ಸುಮಾರು 50,000 ವರ್ಷ ಉಳಿಯಬಲ್ಲ ಪ್ರಬಲ ಹಸಿರುಮನೆ ಅನಿಲ.

ಶೇಕಡ 99.99 ಎಂಬ ಅಂಕಿ ಮೂಲ ಅಣು ಕಾಣೆಯಾದದ್ದನ್ನಷ್ಟೇ ಹೇಳುತ್ತದೆ. ಬೇಕಾಗಿರುವುದು ಫ್ಲೂರೀನಿನ ಜಮಾಖರ್ಚು. ಪಿಎಫ್‌ಒಎ ಅಣುವಿನಲ್ಲಿ 15 ಫ್ಲೂರೀನ್ ಪರಮಾಣುಗಳಿವೆ, ಅಣುತೂಕ 414. ಅಂದರೆ ಒಂದು ಗ್ರಾಂ ಪಿಎಫ್‌ಒಎ ಪೂರ್ಣವಾಗಿ ವಿಭಜನೆಗೊಂಡರೆ 0.69 ಗ್ರಾಂ ಫ್ಲೂರೈಡ್ ಸಿಗಬೇಕು. ಅಷ್ಟು ಸಿಗದಿದ್ದರೆ ಉಳಿದದ್ದು ಎಲ್ಲಿ ಹೋಯಿತು? ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2020ರಲ್ಲಿ ಹೊರತಂದು 2024ರಲ್ಲಿ ಪರಿಷ್ಕರಿಸಿದ ಮಧ್ಯಂತರ ಮಾರ್ಗದರ್ಶಿ, ಅಪೂರ್ಣ ದಹನದ ಉತ್ಪನ್ನಗಳ ಬಗ್ಗೆ ಮಾಹಿತಿ ಸಾಲದೆಂದು ಒಪ್ಪಿಕೊಂಡಿದೆ. ಜನಪ್ರಿಯ ಬರಹಗಳು ಈ ಎಚ್ಚರಿಕೆಯನ್ನು ಕೈಬಿಡುವುದೇ ದೊಡ್ಡ ಲೋಪ.

ವಿಭಜನೆ ಪೂರ್ಣವಾದರೂ ಕೆಲಸ ಮುಗಿಯದು. ಆಗ ಹುಟ್ಟುವ ಹೈಡ್ರೋಜನ್ ಫ್ಲೂರೈಡ್ ವಿಷಕಾರಿ. ಲೋಹ, ಗಾಜುಗಳನ್ನೂ ತಿನ್ನುವಂಥದು. ಅದನ್ನು ಸುಣ್ಣದಿಂದ ಹಿಡಿದಾಗ ಕ್ಯಾಲ್ಸಿಯಂ ಫ್ಲೂರೈಡ್, ಅಂದರೆ ಫ್ಲೂರೈಟ್ ಖನಿಜದ ವಸ್ತು, ದೊರೆಯುತ್ತದೆ.

ಇಲ್ಲಿ ಅರಸೀಕೆರೆ ಸೀಮೆಯ ಅನುಭವ ನೆನಪಾಗಬೇಕು. ಅಲ್ಲಿನ ಹಲವು ಕೊಳವೆಬಾವಿಗಳ ನೀರಿನಲ್ಲಿರುವ ಫ್ಲೂರೈಡ್ ಶಿಲೆಗಳ ಖನಿಜಗಳಿಂದ ಬಂದದ್ದು. ಅದು ಪಿಎಫ್‌ಎಎಸ್ ಅಲ್ಲ. ಎರಡನ್ನೂ ‘ಫ್ಲೂರೀನ್ ಮಾಲಿನ್ಯ’ ಎಂದು ಒಂದೇ ಕಟ್ಟಿಗೆ ಸೇರಿಸುವುದು ತಪ್ಪು. ಕುಡಿಯುವ ನೀರಿನಲ್ಲಿ ಫ್ಲೂರೈಡಿಗೆ ಭಾರತೀಯ ಮಾನಕ ಸೂಚಿಸುವ ಮಿತಿ ಲೀಟರಿಗೆ 1 ಮಿಲಿಗ್ರಾಂ. ಬೇರೆ ಜಲಮೂಲವಿಲ್ಲದಿದ್ದರೆ 1.5. ಪಿಎಫ್‌ಒಎಗೆ ಅಮೆರಿಕ 2024ರಲ್ಲಿ ನಿಗದಿಪಡಿಸಿದ ಮಿತಿ ಲೀಟರಿಗೆ 4 ನ್ಯಾನೊಗ್ರಾಂ. ನೀರನ್ನು ಕುದಿಸಿದರೆ ಇವೆರಡೂ ಹೋಗವು. ನೀರು ಆವಿಯಾದಷ್ಟೂ ಸಾರತೆ ಹೆಚ್ಚುತ್ತದೆ. ಬೇಲೂರು, ಹಳೇಬೀಡುಗಳ ಶಾಲೆಗಳಲ್ಲೂ ಇದನ್ನು ಹೇಳಿಕೊಡಬೇಕು.

ಆದರೂ ಎರಡಕ್ಕೂ ಒಂದು ನಂಟಿದೆ. ಶುದ್ಧ ನೀರಿನಲ್ಲಿ ಫ್ಲೂರೈಟ್ ಕರಗಿದರೆ ಫ್ಲೂರೈಡ್ ಲೀಟರಿಗೆ ಸುಮಾರು 8 ಮಿಲಿಗ್ರಾಂವರೆಗೆ ಏರಬಲ್ಲದು. ಆದುದರಿಂದ ಕುಲುಮೆಯ ಶೇಷವನ್ನು ಎಲ್ಲೆಂದರಲ್ಲಿ ಸುರಿದರೆ, ಅರಸೀಕೆರೆಯಲ್ಲಿ ನಿಸರ್ಗ ತಂದಿಟ್ಟ ತೊಂದರೆಯನ್ನು ಬೇರೊಂದು ಊರಿನಲ್ಲಿ ನಾವೇ ಉಂಟುಮಾಡಿದಂತೆ.

ಶಾಖದ ವಿಧಾನವನ್ನು ತಳ್ಳಿಹಾಕಬೇಕಿಲ್ಲ. ಸಾಕಷ್ಟು ತಾಪ, ಕಾಲಾವಧಿ, ಹೈಡ್ರೋಜನ್ ಒದಗಿಸುವ ವಸ್ತು ಇದ್ದರೆ ಅದು ಫಲಕಾರಿ. ಆದರೆ ‘ನಾಶ’ವೆಂಬ ವರದಿ ಓದಿದಾಗ ವಿದ್ಯಾರ್ಥಿಗಳು ಮೂರು ಪ್ರಶ್ನೆ ಕೇಳಲಿ: ತಾಪ ಎಷ್ಟು, ಎಷ್ಟು ಹೊತ್ತು? ಫ್ಲೂರೀನ್ ಯಾವ ರೂಪದಲ್ಲಿ ಎಷ್ಟು ಸಿಕ್ಕಿತು? ಶೇಷವನ್ನು ಎಲ್ಲಿಟ್ಟರು?